ಅರ್ಧಕ್ಕೆ ಬಿಡದ ಓದು

ಮಕ್ಕಳೇ, ವಾಸ್ಕೋದಲ್ಲಿ ಬೆಳೆಯುತ್ತಿರುವ ನಿಮಗೆ ಹಡಗುಗಳು ಹೊಸವಲ್ಲ. ಮುರಗಾಂವ ಬಂದರಿಗೆ ದೂರದ ದೇಶಗಳಿಂದ ಹಡಗುಗಳು ಬರುತ್ತವೆ. ಸರಕನ್ನು ಇಳಿಸುತ್ತವೆ, ಬೇರೆ ಸರಕನ್ನು ಹೇರಿಕೊಂಡು ಹೋಗುತ್ತವೆ. ನಿಮ್ಮಲ್ಲಿ ಕೆಲವರ ತಂದೆ ಬಂದರಿನಲ್ಲಿ ದುಡಿಯುತ್ತಿರಬಹುದು. ಕೆಲವರ ತಾಯಿ ಕಟ್ಟಡದ ಕೆಲಸಕ್ಕೆ ಹೋಗುತ್ತಿರಬಹುದು, ಇಲ್ಲವೆ ತರಕಾರಿ ಮಾರುತ್ತಿರಬಹುದು. ಸಂಜೆ ಮನೆಗೆ ಬಂದ ಹಣದಲ್ಲಿ ಅಕ್ಕಿಗೆ ಎಷ್ಟು, ಮನೆ ಬಾಡಿಗೆಗೆ ಎಷ್ಟು, ಊರಿನಲ್ಲಿರುವ ಅಜ್ಜಿಗೆ ಎಷ್ಟು ಎಂದು ಅವರು ಲೆಕ್ಕ ಹಾಕುವುದನ್ನು ನೀವು ನೋಡಿರುವಿರಿ.

ಮನೆಗೆ ಒಂದು ಲೆಕ್ಕ ಇರುವಂತೆ ದೇಶಕ್ಕೂ ಒಂದು ಲೆಕ್ಕ ಇರುತ್ತದೆ. ಹಣ ಎಲ್ಲಿಂದ ಬರುತ್ತದೆ, ಯಾರ ಕೈಗೆ ಸೇರುತ್ತದೆ, ಯಾರಿಗೆ ಸಿಗದೆ ಹೋಗುತ್ತದೆ ಎಂಬುದನ್ನು ತಿಳಿಸುವ ಶಾಸ್ತ್ರವೇ ಅರ್ಥಶಾಸ್ತ್ರ.

ಡಾ. ಬಾಬಾಸಾಹೇಬ ಅಂಬೇಡ್ಕರರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಭಾರತದ ಸಂವಿಧಾನವನ್ನು ರಚಿಸಿದವರಲ್ಲಿ ಅವರು ಪ್ರಮುಖರು. ಆದರೆ ಕಾಲೇಜುಗಳಲ್ಲಿ ಅವರು ಎಲ್ಲಕ್ಕಿಂತ ಹೆಚ್ಚಾಗಿ ಓದಿದ್ದು ಅರ್ಥಶಾಸ್ತ್ರವನ್ನು. ಆ ಓದು ನಡುವೆ ಒಮ್ಮೆ ನಿಂತುಹೋಗಿತ್ತು. ಅದನ್ನು ಅವರು ಹೇಗೆ ಪೂರ್ಣಗೊಳಿಸಿದರು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಭೀಮರಾವ್ ಹುಟ್ಟಿದ್ದು 1891ನೆಯ ಇಸವಿ ಏಪ್ರಿಲ್ 14ರಂದು, ಮಧ್ಯಪ್ರದೇಶದ ಮಹೂ ಎಂಬಲ್ಲಿ. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದರು. ತಾಯಿ ಭೀಮಾಬಾಯಿ ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. ಆ ಕಾಲದ ಸಮಾಜ ಈ ಕುಟುಂಬದವರನ್ನು ಅಸ್ಪೃಶ್ಯರೆಂದು ದೂರವಿಟ್ಟಿತ್ತು. ಸಾತಾರಾದ ಶಾಲೆಯಲ್ಲಿ ಭೀಮರಾವ್ ಉಳಿದ ಮಕ್ಕಳಿಂದ ದೂರ ಕುಳಿತುಕೊಳ್ಳಬೇಕಾಗಿತ್ತು. ಕುಳಿತುಕೊಳ್ಳಲು ಗೋಣಿತಾಟನ್ನು ಮನೆಯಿಂದಲೇ ತರಬೇಕಾಗಿತ್ತು. ಬಾಯಾರಿದರೆ ನಲ್ಲಿಯನ್ನು ಮುಟ್ಟುವಂತಿರಲಿಲ್ಲ. ಶಾಲೆಯ ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು. ಜವಾನ ಬರದ ದಿನ ನೀರೇ ಇಲ್ಲ.

ಮುಂದೆ ಕುಟುಂಬ ಮುಂಬಯಿಗೆ ಬಂದಿತು. ಚಾಳಿನ ಒಂದೇ ಕೋಣೆಯಲ್ಲಿ ಎಲ್ಲರೂ ಇರಬೇಕಾಗಿತ್ತು. ಗದ್ದಲದಲ್ಲಿ ಓದಲು ಆಗುತ್ತಿರಲಿಲ್ಲ. ಆದ್ದರಿಂದ ಮಗ ಸಂಜೆ ಬೇಗ ಮಲಗುತ್ತಿದ್ದನು. ತಂದೆ ಎಚ್ಚರವಾಗಿದ್ದು ರಾತ್ರಿ ಎರಡು ಗಂಟೆಗೆ ಅವನನ್ನು ಎಬ್ಬಿಸುತ್ತಿದ್ದರು. ಮಗ ಪುಸ್ತಕ ಕೇಳಿದಾಗ ಕೈಯಲ್ಲಿ ಹಣವಿಲ್ಲದಿದ್ದರೆ ತಂದೆ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗುತ್ತಿದ್ದರು. ಅವರ ಒಡವೆಯನ್ನು ಒತ್ತೆಯಿಟ್ಟು ಪುಸ್ತಕ ತರುತ್ತಿದ್ದರು. ಪಿಂಚಣಿ ಬಂದ ಮೇಲೆ ಒಡವೆಯನ್ನು ಬಿಡಿಸಿ ಹಿಂದಿರುಗಿಸುತ್ತಿದ್ದರು. ಸಾಲ, ಒತ್ತೆ, ಪಿಂಚಣಿ ಎಂದರೇನು ಎಂಬುದನ್ನು ಭೀಮರಾವ್ ಕಾಲೇಜಿಗೆ ಹೋಗುವ ಮೊದಲೇ ಮನೆಯಲ್ಲಿ ಕಲಿತಿದ್ದನು.

1907ರಲ್ಲಿ ಭೀಮರಾವ್ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ಕಾಲೇಜಿನ ಓದಿಗೆ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರಗಳನ್ನು ಓದಿ, 1912ರಲ್ಲಿ ಅಂಬೇಡ್ಕರರು ಬಿ.ಎ. ಪದವಿ ಪಡೆದರು. ಮರುವರ್ಷದ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ರಾತ್ರಿ ಎಬ್ಬಿಸಿ ಓದಿಸಿದ ತಂದೆ ಮಗನ ಮುಂದಿನ ಓದನ್ನು ನೋಡಲಿಲ್ಲ.

ಅದೇ 1913ರಲ್ಲಿ ಬಡೋದೆಯ ಮಹಾರಾಜರು ಮೂರು ವರ್ಷಗಳ ವಿದ್ಯಾರ್ಥಿವೇತನ ಕೊಟ್ಟು ಅಂಬೇಡ್ಕರರನ್ನು ಅಮೆರಿಕಕ್ಕೆ ಕಳುಹಿಸಿದರು. ಆಗ ವಿಮಾನ ಪ್ರಯಾಣ ಇರಲಿಲ್ಲ. ಮುಂಬಯಿಯಿಂದ ಹಡಗು ಹತ್ತಿ ಹೊರಟ ಅವರು ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ನಗರ ಸೇರಿದರು. ಅಲ್ಲಿಯ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕುಳಿತರು. ಗೋಣಿತಾಟು ಬೇಕಾಗಲಿಲ್ಲ. ಅಲ್ಲಿ ಅವರು ಅರ್ಥಶಾಸ್ತ್ರವೊಂದರಲ್ಲೇ 29 ಪಠ್ಯವಿಷಯಗಳನ್ನು ಆರಿಸಿಕೊಂಡರು. ಪ್ರಾಚೀನ ಭಾರತದ ವ್ಯಾಪಾರದ ಬಗ್ಗೆ ಪ್ರಬಂಧ ಬರೆದು 1915ರಲ್ಲಿ ಎಂ.ಎ. ಪದವಿ ಪಡೆದರು. ಪ್ರೊಫೆಸರ್ ಸೆಲಿಗ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಅವರ ಗುರುಗಳು.

1916ರಲ್ಲಿ ಅವರು ಲಂಡನ್ನಿಗೆ ಹೋಗಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಎಂಬ ಹೆಸರಾಂತ ಸಂಸ್ಥೆ ಸೇರಿದರು. ಆದರೆ ಮರುವರ್ಷವೇ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಹಣವಿಲ್ಲದೆ ಓದು ನಿಂತಿತು. ಅಂಬೇಡ್ಕರರು ಅಲ್ಲಿಂದ ಹೊರಡುವ ಮೊದಲು ಒಂದು ಕೆಲಸ ಮಾಡಿದರು. ನಾಲ್ಕು ವರ್ಷಗಳ ಒಳಗೆ ಹಿಂದಿರುಗಿ ಓದನ್ನು ಮುಂದುವರಿಸಲು ವಿಶ್ವವಿದ್ಯಾಲಯದ ಅನುಮತಿ ಪಡೆದುಕೊಂಡರು.

ಅದು ಮೊದಲನೆಯ ಮಹಾಯುದ್ಧದ ಕಾಲ. ಅವರು ಒಂದು ಹಡಗಿನಲ್ಲಿ ಬಂದರು. ಅವರ ಪುಸ್ತಕಗಳಿದ್ದ ಸಾಮಾನು ಇನ್ನೊಂದು ಹಡಗಿನಲ್ಲಿತ್ತು. ಶತ್ರುಗಳ ದಾಳಿಗೆ ಸಿಕ್ಕಿ ಆ ಹಡಗು ಮುಳುಗಿತು. ಹೊಟ್ಟೆಬಟ್ಟೆ ಕಟ್ಟಿ ಕೊಂಡ ಪುಸ್ತಕಗಳು ಸಮುದ್ರದ ಪಾಲಾದವು.

ಊರಿಗೆ ಬಂದ ಮೇಲೆ ಇನ್ನೂ ದೊಡ್ಡ ನೋವು ಕಾದಿತ್ತು. ವಿದ್ಯಾರ್ಥಿವೇತನದ ಕರಾರಿನಂತೆ ಅವರು ಬಡೋದೆಯಲ್ಲಿ ಕೆಲಸಕ್ಕೆ ಸೇರಿದರು. ಅಮೆರಿಕದಲ್ಲಿ ಓದಿ ಬಂದ ಅವರಿಗೆ ಆ ನಗರದಲ್ಲಿ ಒಂದು ಬಾಡಿಗೆ ಕೋಣೆ ಸಿಗಲಿಲ್ಲ. ಕಚೇರಿಯ ಜವಾನರು ಅವರನ್ನು ಮುಟ್ಟಬಾರದೆಂದು ಕಡತಗಳನ್ನು ದೂರದಿಂದಲೇ ಎಸೆಯುತ್ತಿದ್ದರು. ಬೇರೆ ಹೆಸರು ಹೇಳಿ ಅವರು ಒಂದು ವಸತಿಗೃಹದಲ್ಲಿ ಉಳಿದುಕೊಂಡರು. ಕೆಲವೇ ದಿನಗಳಲ್ಲಿ ವಿಷಯ ತಿಳಿದು ಜನರು ದೊಣ್ಣೆ ಹಿಡಿದು ಬಂದು ಅವರನ್ನು ಹೊರಗೆ ಹಾಕಿದರು. ಅಂದು ಅವರು ಒಂದು ಉದ್ಯಾನದಲ್ಲಿ ಗಂಟೆಗಟ್ಟಲೆ ಕುಳಿತಿದ್ದು, ರಾತ್ರಿಯ ರೈಲು ಹಿಡಿದು ಮುಂಬಯಿಗೆ ಮರಳಿದರು.

ಮಕ್ಕಳೇ, ಇಷ್ಟಾದ ಮೇಲೆ ಯಾರಾದರೂ ಓದು ಸಾಕು ಎಂದುಕೊಳ್ಳಬಹುದಿತ್ತು. ಅಂಬೇಡ್ಕರರು ಹಾಗೆ ಮಾಡಲಿಲ್ಲ. 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಪ್ರಾಧ್ಯಾಪಕರಾದರು. ಸಂಬಳದಲ್ಲಿ ಉಳಿತಾಯ ಮಾಡಿದರು. ಪತ್ನಿ ರಮಾಬಾಯಿಯವರು ಮನೆಯ ಕಷ್ಟವನ್ನು ತಾಳಿಕೊಂಡು ಸಂಸಾರ ನಡೆಸಿದರು. ಕೊಲ್ಲಾಪುರದ ಶಾಹೂ ಮಹಾರಾಜರು ನೆರವಾದರು. ಗೆಳೆಯರೊಬ್ಬರು ಸಾಲ ಕೊಟ್ಟರು. ಹೀಗೆ ಕೂಡಿಸಿದ ಹಣದಿಂದ 1920ರಲ್ಲಿ, ನಾಲ್ಕು ವರ್ಷಗಳ ಗಡುವು ಮುಗಿಯುವ ಮೊದಲೇ, ಅವರು ಮತ್ತೆ ಲಂಡನ್ ಸೇರಿದರು.

ಅಲ್ಲಿ ಅವರ ದಿನ ಗ್ರಂಥಾಲಯದ ಬಾಗಿಲು ತೆರೆಯುವಾಗ ಆರಂಭವಾಗಿ, ಬಾಗಿಲು ಮುಚ್ಚುವಾಗ ಮುಗಿಯುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಖರ್ಚು ಮಾಡಲು ಹಣವಿರುತ್ತಿರಲಿಲ್ಲ. 1921ರಲ್ಲಿ ಅವರು ಎಂ.ಎಸ್‌ಸಿ. ಪದವಿ ಪಡೆದರು. ಅನಂತರ ರೂಪಾಯಿಯ ಸಮಸ್ಯೆಯನ್ನು ಕುರಿತು ದೊಡ್ಡ ಪ್ರಬಂಧ ಬರೆದರು.

ರೂಪಾಯಿಗೆ ಏನು ಸಮಸ್ಯೆ ಎಂದು ನೀವು ಕೇಳಬಹುದು. ಒಂದು ಉದಾಹರಣೆ ನೋಡಿ. ನಿಮ್ಮ ತಾಯಿಗೆ ದಿನದ ಕೂಲಿ ಅಷ್ಟೇ ಇದೆ. ಆದರೆ ಅಕ್ಕಿಯ ಬೆಲೆ ಏರಿದೆ. ಆಗ ಅದೇ ಹಣಕ್ಕೆ ಕಡಿಮೆ ಅಕ್ಕಿ ಬರುತ್ತದೆ. ನೋಟಿನ ಮೇಲಿನ ಅಂಕಿ ಬದಲಾಗಿಲ್ಲ, ಅದರ ಬೆಲೆ ಕುಗ್ಗಿದೆ. ಸರಕಾರ ಮಿತಿಯಿಲ್ಲದೆ ಹಣವನ್ನು ಹೊರಡಿಸಿದರೆ ಹೀಗಾಗಬಹುದು, ಆದ್ದರಿಂದ ಅದಕ್ಕೆ ಒಂದು ಕಟ್ಟುಪಾಡು ಇರಬೇಕು ಎಂದು ಅಂಬೇಡ್ಕರರು ವಾದಿಸಿದರು. ಆಗ ನಮ್ಮನ್ನು ಆಳುತ್ತಿದ್ದ ಬ್ರಿಟಿಷ್ ಸರಕಾರದ ತಪ್ಪುಗಳನ್ನು ಅವರು ಲಂಡನ್ನಿನಲ್ಲೇ ಕುಳಿತು ಬರೆದರು. ಪರೀಕ್ಷಕರು ಪ್ರಬಂಧವನ್ನು ತಿದ್ದಿ ಬರೆಯಲು ಹೇಳಿದರು. ಅಷ್ಟರಲ್ಲಿ ಹಣ ಮುಗಿದಿದ್ದುದರಿಂದ ಅವರು ಮುಂಬಯಿಗೆ ಬಂದು, ಅಲ್ಲಿ ತಿದ್ದಿ ಕಳುಹಿಸಿದರು. 1923ರಲ್ಲಿ ಲಂಡನ್ ವಿಶ್ವವಿದ್ಯಾಲಯ ಅವರಿಗೆ ಡಿ.ಎಸ್‌ಸಿ. ಪದವಿ ನೀಡಿತು. ಪ್ರಾಂತಗಳ ಹಣಕಾಸಿನ ಬಗ್ಗೆ ಅವರು ಬರೆದ ಇನ್ನೊಂದು ಪುಸ್ತಕ 1925ರಲ್ಲಿ ಅಚ್ಚಾಯಿತು. 1927ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯವೂ ಡಾಕ್ಟರೇಟ್ ಪದವಿ ನೀಡಿತು.

ಈ ಓದು ಪದವಿಗಾಗಿ ಮಾತ್ರ ಇರಲಿಲ್ಲ. ಆಗ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ನಿಮ್ಮಲ್ಲಿ ಹಲವರ ಹಿರಿಯರ ಊರುಗಳು ಅಲ್ಲಿಯವೇ. 1928ರಲ್ಲಿ ಅಂಬೇಡ್ಕರರು ದಲಿತ ವಿದ್ಯಾರ್ಥಿಗಳಿಗಾಗಿ ಒಂದು ಶಿಕ್ಷಣ ಸಂಘವನ್ನು ಕಟ್ಟಿದರು. ಆ ಸಂಘದ ವಿದ್ಯಾರ್ಥಿನಿಲಯಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿ ಆರಂಭವಾಯಿತು. ಬಡೋದೆಯಲ್ಲಿ ತಮಗೆ ಸಿಗದ ಕೋಣೆಯನ್ನು ಅವರು ಓದುವ ಮಕ್ಕಳಿಗೆ ದೊರಕಿಸಿಕೊಟ್ಟರು.

1947ರಲ್ಲಿ ಅವರು ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಕೇಂದ್ರ ಮತ್ತು ರಾಜ್ಯಗಳ ನಡುವೆ ತೆರಿಗೆಯ ಹಣವನ್ನು ಹೇಗೆ ಹಂಚಬೇಕೆಂದು ಸಲಹೆ ಕೊಡಲು ಹಣಕಾಸು ಆಯೋಗ ಇರಬೇಕೆಂದು ನಮ್ಮ ಸಂವಿಧಾನದ 280ನೆಯ ವಿಧಿ ಹೇಳುತ್ತದೆ. ಗೋವಾ ರಾಜ್ಯಕ್ಕೂ ಕರ್ನಾಟಕಕ್ಕೂ ಪಾಲು ಬರುವುದು ಈ ಕ್ರಮದಿಂದ. ಇಂಥ ಹಂಚಿಕೆಯ ಲೆಕ್ಕವನ್ನೇ ಅವರು ಯೌವನದಲ್ಲಿ ಓದಿದ್ದರು. ಅವರು 1956ನೆಯ ಇಸವಿ ಡಿಸೆಂಬರ್ 6ರಂದು ದೆಹಲಿಯಲ್ಲಿ ನಿಧನರಾದರು. 1990ರಲ್ಲಿ ಅವರಿಗೆ ಮರಣೋತ್ತರವಾಗಿ ಭಾರತರತ್ನ ಪ್ರಶಸ್ತಿ ನೀಡಲಾಯಿತು.

ರೂಪಾಯಿಯ ಸಮಸ್ಯೆಯ ಪುಸ್ತಕವನ್ನು ಅಂಬೇಡ್ಕರರು ತಮ್ಮ ತಂದೆ ತಾಯಿಯರ ನೆನಪಿಗೆ ಅರ್ಪಿಸಿದ್ದಾರೆ. ಪ್ರಾಂತಗಳ ಹಣಕಾಸಿನ ಪುಸ್ತಕವನ್ನು ಸಯಾಜಿರಾವ್ ಮಹಾರಾಜರಿಗೆ ಅರ್ಪಿಸಿದ್ದಾರೆ. ಯಾರ ಉಪಕಾರವನ್ನೂ ಅವರು ಮರೆಯಲಿಲ್ಲ.

ಮಕ್ಕಳೇ, ತಂದೆ ತಾಯಿಯರ ಕೆಲಸಕ್ಕಾಗಿ ನಿಮ್ಮಲ್ಲಿ ಕೆಲವರು ಊರು ಬಿಟ್ಟು ಊರಿಗೆ ಬಂದಿದ್ದೀರಿ. ಕೆಲವರ ಓದು ನಡುವೆ ಒಂದು ವರ್ಷ ನಿಂತಿರಬಹುದು. ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ನಿಮ್ಮ ಪಕ್ಕದ ಮನೆಯಲ್ಲಿ ಶಾಲೆ ಬಿಟ್ಟ ಗೆಳೆಯನೋ ಗೆಳತಿಯೋ ಇದ್ದರೆ ಅವರಿಗೆ ಈ ಕತೆಯನ್ನು ಹೇಳಿ. ನಾಳೆ ಶಾಲೆಗೆ ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ.