ಗುಸ್ತಾವ್ ಲೆ ಬೊನ್

ಗುಸ್ತಾವ್ ಲೆ ಬೊನ್ (ಮೇ 7, 1841 – ಡಿಸೆಂಬರ್ 13, 1931) ಫ್ರಾನ್ಸ್ ದೇಶದ ಲೇಖಕ, ಪ್ರವಾಸಿ ಹಾಗೂ ಸಮಾಜಚಿಂತಕ. ಜನಸಮೂಹದ ಮನೋವಿಜ್ಞಾನವನ್ನು ಕುರಿತು 1895ರಲ್ಲಿ ಪ್ರಕಟಿಸಿದ 'ಪ್ಸಿಕೊಲೊಜಿ ದೆ ಫೂಲ್' ಎಂಬ ಗ್ರಂಥದಿಂದ ಪ್ರಸಿದ್ಧನಾದ. ಅರಬ್ ಮತ್ತು ಭಾರತೀಯ ನಾಗರಿಕತೆಗಳ ಬಗ್ಗೆಯೂ ದೊಡ್ಡ ಸಚಿತ್ರ ಗ್ರಂಥಗಳನ್ನು ರಚಿಸಿದ್ದಾನೆ.

ಆರಂಭಿಕ ಜೀವನ

ಫ್ರಾನ್ಸಿನ ನೊಜಾನ್-ಲ-ರೊತ್ರೂ ಪಟ್ಟಣದಲ್ಲಿ ಜನಿಸಿದ. ಪ್ಯಾರಿಸ್ಸಿನಲ್ಲಿ ವೈದ್ಯಶಾಸ್ತ್ರ ಕಲಿತರೂ ವೈದ್ಯವೃತ್ತಿಗಿಂತ ಬರವಣಿಗೆಯತ್ತ ಒಲವು ತೋರಿದ. 1870ರಲ್ಲಿ ಪ್ರಷ್ಯಾದೊಡನೆ ಯುದ್ಧ ಆರಂಭವಾದಾಗ ಸೇನೆಯ ವೈದ್ಯಕೀಯ ದಳದಲ್ಲಿ ಸೇವೆ ಸಲ್ಲಿಸಿದ. ಮರುವರ್ಷ ಪ್ಯಾರಿಸ್ ಕಮ್ಯೂನಿನ ದಂಗೆಯನ್ನು ಕಣ್ಣಾರೆ ಕಂಡ. 1871ರ ಮೇ ತಿಂಗಳಲ್ಲಿ ತ್ವಿಲರಿ ಅರಮನೆ, ನಗರಸಭೆಯ ಭವನ, ಲೂವ್ರ್‌ನ ಗ್ರಂಥಾಲಯ ಬೆಂಕಿಗೆ ಆಹುತಿಯಾದವು. ಅದೇ ವಾರದಲ್ಲಿ ಸರ್ಕಾರಿ ಸೇನೆ ಸಾವಿರಾರು ಕಮ್ಯೂನ್ ಬೆಂಬಲಿಗರನ್ನು ಕೊಂದಿತು. ಲೆ ಬೊನ್‌ನ ಮುಂದಿನ ಬರೆಹಗಳಲ್ಲಿ ಮತ್ತೆ ಮತ್ತೆ ಕಾಣುವುದು ಗುಂಪು ಹಚ್ಚಿದ ಬೆಂಕಿಯ ಭಯವೇ. ಗುಂಪಿನ ಮೇಲೆ ನಡೆದ ಹತ್ಯೆಗೆ ಅಲ್ಲಿ ಅಷ್ಟು ಸ್ಥಾನವಿಲ್ಲ.

ಮಾನವಶಾಸ್ತ್ರ ಮತ್ತು ಪ್ರವಾಸ

1870ರ ದಶಕದಲ್ಲಿ ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘದ ಪ್ರಭಾವಕ್ಕೊಳಗಾಗಿ ತಲೆಬುರುಡೆಗಳ ಅಳತೆಯಲ್ಲಿ ತೊಡಗಿದ. ಬುರುಡೆಯ ಗಾತ್ರವೇ ಬುದ್ಧಿಯ ಅಳತೆಗೋಲು ಎಂದು ಆಗ ಅನೇಕ ವಿದ್ವಾಂಸರು ನಂಬಿದ್ದರು. ಈ ವಿಷಯದ ಮೇಲೆ 1879ರಲ್ಲಿ ಬರೆದ ಪ್ರಬಂಧಕ್ಕೆ ಬಹುಮಾನವೂ ಬಂದಿತು. ಅದರಲ್ಲಿ ಸ್ತ್ರೀಯರ ಬುದ್ಧಿಶಕ್ತಿಯನ್ನು ತೀರ ಕೀಳಾಗಿ ಕಂಡದ್ದನ್ನು ಸ್ಟೀಫನ್ ಜೇ ಗೂಲ್ಡ್ 1981ರ ತನ್ನ ಗ್ರಂಥದಲ್ಲಿ ಕಟುವಾಗಿ ವಿಮರ್ಶಿಸಿದ್ದಾನೆ.

1884ರಲ್ಲಿ ಅರಬರ ನಾಗರಿಕತೆಯನ್ನು ಕುರಿತ ಗ್ರಂಥ ಹೊರಬಂತು. ಯುರೋಪು ಅರಬರಿಗೆ ಎಷ್ಟು ಋಣಿಯಾಗಿದೆ ಎಂಬುದನ್ನು ಇದು ಮುಕ್ತಕಂಠದಿಂದ ಒಪ್ಪಿಕೊಂಡಿತು. ಅರಬ್ ದೇಶಗಳಲ್ಲಿ ಲೆ ಬೊನ್‌ಗೆ ಇಂದಿಗೂ ಓದುಗರಿರುವುದಕ್ಕೆ ಇದೇ ಮುಖ್ಯ ಕಾರಣ. ಬಳಿಕ ಫ್ರೆಂಚ್ ಸರ್ಕಾರದ ನಿಯೋಜನೆಯ ಮೇರೆಗೆ ಭಾರತದಲ್ಲಿ ಸಂಚರಿಸಿ ಪ್ರಾಚೀನ ಸ್ಮಾರಕಗಳನ್ನು ಅಧ್ಯಯನ ಮಾಡಿದ. 1885ರಲ್ಲಿ ನೇಪಾಳಕ್ಕೂ ಹೋಗಿ ಅಲ್ಲಿನ ದೇಗುಲಗಳ ಛಾಯಾಚಿತ್ರಗಳನ್ನು ತೆಗೆದ. ಭಾರತದ ನಾಗರಿಕತೆಗಳನ್ನು ಕುರಿತ ಗ್ರಂಥ 1887ರಲ್ಲೂ ಸ್ಮಾರಕಗಳನ್ನು ಕುರಿತದ್ದು 1893ರಲ್ಲೂ ಪ್ರಕಟವಾದವು.

ಶಿಲ್ಪವನ್ನು ಮೆಚ್ಚಿದವನು ಶಿಲ್ಪಿಗಳ ವಂಶಜರನ್ನು ಮಾತ್ರ ಸಮಾನರೆಂದು ಎಣಿಸಲಿಲ್ಲ. ಪ್ರತಿ ಜನಾಂಗಕ್ಕೂ ಬದಲಾಗದ ಮನೋಧರ್ಮವೊಂದಿದೆ, ಒಂದು ಜನಾಂಗದ ಸಂಸ್ಥೆಗಳು ಮತ್ತೊಂದಕ್ಕೆ ಒಗ್ಗುವುದಿಲ್ಲ ಎಂಬುದು ಈತನ ವಾದ. 1889ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ವಸಾಹತು ಸಮ್ಮೇಳನದಲ್ಲಿ, ವಸಾಹತುಗಳ ಜನರಿಗೆ ಯುರೋಪಿನ ಶಿಕ್ಷಣ ನೀಡುವುದನ್ನು ವಿರೋಧಿಸಿದ. ಇಂಗ್ಲಿಷ್ ಕಲಿತ ಭಾರತೀಯರು ಅತೃಪ್ತರೂ ಆಳುವವರ ವಿರೋಧಿಗಳೂ ಆಗುತ್ತಾರೆಂಬುದು ಅದಕ್ಕೆ ಕೊಟ್ಟ ಆಧಾರಗಳಲ್ಲೊಂದು. ಆಳಲ್ಪಟ್ಟವರು ವಿರೋಧಿಸಲು ಬೇರೆ ಕಾರಣವೂ ಇರಬಹುದೆಂಬುದು ಈ ವಾದದಲ್ಲಿ ಸೇರಲಿಲ್ಲ.

ಜನಸಮೂಹದ ಸಿದ್ಧಾಂತ

1895ರ ಗ್ರಂಥದಲ್ಲಿ ಇದೇ ದೃಷ್ಟಿ ಸ್ವದೇಶದ ಬೀದಿಗಳತ್ತ ತಿರುಗಿತು. ಗುಂಪಿನಲ್ಲಿ ಸೇರಿದ ವ್ಯಕ್ತಿ ತನ್ನ ವಿವೇಚನೆಯನ್ನು ಕಳೆದುಕೊಳ್ಳುತ್ತಾನೆ, ಭಾವಾವೇಶ ರೋಗದಂತೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಸಂಮೋಹನಕ್ಕೊಳಗಾದವನಂತೆ ಆತ ನಾಯಕನ ಸೂಚನೆಗೆ ಮಣಿಯುತ್ತಾನೆ ಎಂದು ಲೆ ಬೊನ್ ಪ್ರತಿಪಾದಿಸಿದ. ಗುಂಪಿನ ಸ್ವಭಾವವನ್ನು ಸ್ತ್ರೀಯರ, ಮಕ್ಕಳ ಹಾಗೂ ಆತ ಆದಿಮರೆಂದು ಕರೆದ ಜನರ ಸ್ವಭಾವಕ್ಕೆ ಹೋಲಿಸಿದ. ನ್ಯಾಯದರ್ಶಿಗಳ ಮಂಡಲಿ, ಮತದಾರರು, ಸಂಸತ್ತು ಕೂಡ ಈತನ ಎಣಿಕೆಯಲ್ಲಿ ಗುಂಪುಗಳೇ.

ಈ ವಿಚಾರಗಳು ಪೂರ್ಣವಾಗಿ ಹೊಸತಾಗಿರಲಿಲ್ಲ. ಇಟಲಿಯ ಸ್ಕಿಪಿಯೊ ಸಿಗೆಲೆ 1891ರಲ್ಲಿಯೇ ಅಪರಾಧಿ ಗುಂಪುಗಳನ್ನು ಕುರಿತು ಗ್ರಂಥ ಪ್ರಕಟಿಸಿದ್ದ; ತನ್ನ ವಿಚಾರಗಳನ್ನು ಲೆ ಬೊನ್ ಕದ್ದನೆಂದು ಆರೋಪಿಸಿದ. ಗೇಬ್ರಿಯಲ್ ತಾರ್ದ್‌ನ ಅನುಕರಣ ಸಿದ್ಧಾಂತದ ಛಾಯೆಯೂ ಇದರಲ್ಲಿದೆ. ಆದರೆ ಓದುಗರನ್ನು ಗೆದ್ದದ್ದು ಲೆ ಬೊನ್‌ನ ಚಿಕ್ಕ, ಸರಳ ಗ್ರಂಥವೇ. ಮರುವರ್ಷವೇ ಇಂಗ್ಲಿಷ್ ಅನುವಾದ ಬಂದಿತು. 1909ರಲ್ಲಿ ಈಜಿಪ್ಟಿನ ಅಹಮದ್ ಫತ್ಹಿ ಜಗ್ಲೂಲ್ ಅರಬ್ಬೀ ಭಾಷೆಗೆ ಅನುವಾದಿಸಿದ. ಸಿಗ್ಮಂಡ್ ಫ್ರಾಯ್ಡ್ 1921ರಲ್ಲಿ ಸಮೂಹ ಮನೋವಿಜ್ಞಾನದ ಬಗ್ಗೆ ಬರೆಯುವಾಗ ಲೆ ಬೊನ್‌ನ ವಿಚಾರಗಳಿಂದಲೇ ಚರ್ಚೆ ಆರಂಭಿಸಿದ. ಮುಸೊಲಿನಿಯೂ ಈ ಗ್ರಂಥದ ಮೆಚ್ಚುಗೆದಾರನಾಗಿದ್ದ.

ವಿಶ್ವವಿದ್ಯಾಲಯಗಳು ಲೆ ಬೊನ್‌ನನ್ನು ದೂರವೇ ಇಟ್ಟವು. ಹೊಸ ಬಗೆಯ ಕಿರಣವೊಂದನ್ನು ಕಂಡುಹಿಡಿದಿರುವುದಾಗಿ 1896ರಲ್ಲಿ ಈತ ಘೋಷಿಸಿದ್ದು ನಿಲ್ಲಲಿಲ್ಲ. 1902ರಲ್ಲಿ ಆರಂಭಿಸಿದ ವೈಜ್ಞಾನಿಕ ಗ್ರಂಥಮಾಲೆ ಮಾತ್ರ ಯಶಸ್ವಿಯಾಯಿತು; ಗಣಿತಜ್ಞ ಆನ್ರಿ ಪ್ವಾಂಕರೆಯ ಪ್ರಸಿದ್ಧ ಕೃತಿ ಬೆಳಕು ಕಂಡದ್ದು ಅದರಲ್ಲಿ. ಲೆ ಬೊನ್ ತನ್ನ 90ನೆಯ ವಯಸ್ಸಿನಲ್ಲಿ ಮಾರ್ನ್-ಲಾ-ಕೊಕೆಟ್‌ನಲ್ಲಿ ನಿಧನನಾದ.

ನಂತರದ ಅಧ್ಯಯನಗಳು

ಲೆ ಬೊನ್ ಗುಂಪನ್ನು ದೂರದಿಂದ ನೋಡಿದ. ಅದರಲ್ಲಿ ಯಾರಿದ್ದರೆಂದು ವಿಚಾರಿಸಲಿಲ್ಲ. ಈತ ಸತ್ತ ಮರುವರ್ಷ, 1932ರಲ್ಲಿ, ಇತಿಹಾಸಕಾರ ಜಾರ್ಜ್ ಲಫೆವ್ರ್ ಕ್ರಾಂತಿಕಾಲದ ಗುಂಪುಗಳನ್ನು ಕುರಿತ ಉಪನ್ಯಾಸದಲ್ಲಿ ಈ ಕೊರತೆಯನ್ನು ಎತ್ತಿ ತೋರಿದ. ಜಾರ್ಜ್ ರೂಡೆ ಪ್ಯಾರಿಸ್ಸಿನ ಪೊಲೀಸ್ ದಾಖಲೆಗಳನ್ನು ಶೋಧಿಸಿ 1959ರಲ್ಲಿ ಫ್ರೆಂಚ್ ಕ್ರಾಂತಿಯ ಗುಂಪುಗಳ ಬಗ್ಗೆ ಗ್ರಂಥ ಪ್ರಕಟಿಸಿದ. ಬ್ಯಾಸ್ಟಿಲ್ ಕೋಟೆಯನ್ನು ಗೆದ್ದವರಲ್ಲಿ ಕಸುಬು ತಿಳಿದಿರುವ 600ಕ್ಕೂ ಹೆಚ್ಚು ಮಂದಿಯ ಪಟ್ಟಿಯಲ್ಲಿ ಕಂಡುಬಂದವರು ಪುಂಡರಲ್ಲ. ಬಡಗಿಗಳು, ಬೀಗ ಮಾಡುವವರು, ಚಮ್ಮಾರರು, ಚಿಕ್ಕ ಅಂಗಡಿಗಳ ಒಡೆಯರು. ಆ ದಿನಗಳಲ್ಲಿ ಪ್ಯಾರಿಸ್ಸಿನ ರೊಟ್ಟಿಯ ಬೆಲೆ ವಿಪರೀತ ಏರಿತ್ತು. ಇಂಗ್ಲೆಂಡಿನ ಇ. ಪಿ. ಥಾಂಪ್ಸನ್ 1971ರ ಪ್ರಬಂಧದಲ್ಲಿ, 18ನೆಯ ಶತಮಾನದ ಧಾನ್ಯದ ದಂಗೆಗಳ ಹಿಂದೆ ನ್ಯಾಯವಾದ ಬೆಲೆ ಯಾವುದೆಂಬ ಸ್ಪಷ್ಟ ಕಲ್ಪನೆಯಿತ್ತೆಂದು ತೋರಿಸಿದ. ಗುಂಪು ಎಷ್ಟೋ ಬಾರಿ ಧಾನ್ಯವನ್ನು ದೋಚದೆ, ತಾನು ನ್ಯಾಯವೆಂದು ಬಗೆದ ಬೆಲೆಗೆ ಮಾರಿಸಿ, ಹಣವನ್ನು ಮಾಲೀಕನಿಗೇ ಒಪ್ಪಿಸುತ್ತಿತ್ತು.