ಗಡಿಯಾರದಂಗಡಿಯ ಸಂತ ಲೂಯಿ ಮಾರ್ಟಿನ್

ಧರ್ಮಕೇಂದ್ರವೊಂದು ನೂರು ವರ್ಷ ಬಾಳಿತೆಂದರೆ ಅದಕ್ಕೆ ಗುರುಗಳು, ಕನ್ಯಾಸ್ತ್ರೀಯರು ಮಾತ್ರ ಕಾರಣರಲ್ಲ. ವಾರವೆಲ್ಲ ದುಡಿದು, ಭಾನುವಾರ ಮಕ್ಕಳ ಕೈಹಿಡಿದು ಬಲಿಪೂಜೆಗೆ ಬರುವ ಕಸುಬುದಾರರಾದ ಗೃಹಸ್ಥರೂ ಕಾರಣರು. ಅಂಥವರ ಬಾಳೂ ಪವಿತ್ರತೆಯ ಮಾರ್ಗವೇ ಎಂಬುದಕ್ಕೆ ಸಾಕ್ಷಿಯಾಗಿರುವ ಫ್ರಾನ್ಸ್ ದೇಶದ ಸಂತ ಲೂಯಿ ಮಾರ್ಟಿನ್ ಅವರನ್ನು ಈ ಶತಮಾನೋತ್ಸವದ ಶುಭ ಸಂದರ್ಭದಲ್ಲಿ ನಾವು ಸ್ಮರಿಸಬಯಸುತ್ತೇವೆ. ನಮ್ಮ ಮನೆಮನೆಗಳಿಗೂ ಪರಿಚಿತಳಾದ ಬಾಲಯೇಸುವಿನ ಸಂತ ತೆರೇಸಾಳ ತಂದೆ ಇವರು.

ಲೂಯಿ ಅವರು 1823ರ ಆಗಸ್ಟ್ 22ರಂದು ಬೋರ್ಡೊ ನಗರದಲ್ಲಿ ಸೇನಾಧಿಕಾರಿಯೊಬ್ಬರ ಮಗನಾಗಿ ಜನಿಸಿದರು. ಯೌವನದಲ್ಲಿ ಗಡಿಯಾರದ ಕೆಲಸ ಕಲಿತರು. ತಾಳ್ಮೆ, ಏಕಾಗ್ರತೆ, ನಿಖರತೆ ಈ ಕಸುಬಿಗೆ ಬೇಕಾದ ಗುಣಗಳು. ಅವು ಅವರ ಸ್ವಭಾವದಲ್ಲೇ ಇದ್ದವು. ಆಲ್ಪ್ಸ್ ಪರ್ವತದ ಸಂತ ಬರ್ನಾರ್ಡರ ಮಠ ಸೇರಲು ಅಪೇಕ್ಷಿಸಿ ಹೋದಾಗ, ಲ್ಯಾಟಿನ್ ಭಾಷೆ ತಿಳಿಯದ ಕಾರಣ ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. ಲ್ಯಾಟಿನ್ ಅಭ್ಯಾಸ ಆರಂಭಿಸಿದರೂ ಅದು ಪೂರ್ಣಗೊಳ್ಳಲಿಲ್ಲ. ಮುಚ್ಚಿದ ಆ ಬಾಗಿಲಿನ ಮುಂದೆ ಅವರು ಕಹಿಯಾಗಲಿಲ್ಲ. 1850ರಲ್ಲಿ ಅಲನ್ಸೋನ್ ಪಟ್ಟಣದಲ್ಲಿ ಗಡಿಯಾರದ ಅಂಗಡಿ ತೆರೆದರು.

1858ರ ಜುಲೈ 13ರಂದು ಅವರು ಝೆಲಿ ಗೆರಾನ್ ಎಂಬ ಲೇಸ್ ಹೆಣೆಯುವ ಕುಶಲಗಾರ್ತಿಯನ್ನು ವಿವಾಹವಾದರು. ಆಕೆಯೂ ಕನ್ಯಾಸ್ತ್ರೀಯಾಗಲು ಬಯಸಿ ನಿರಾಶೆಗೊಂಡಿದ್ದವರೇ. ದಂಪತಿಗಳಿಬ್ಬರೂ ಮುಂಜಾನೆಯ ಬಲಿಪೂಜೆಗೆ ಹೋಗಿ ದಿನವನ್ನು ಆರಂಭಿಸುತ್ತಿದ್ದರು. ಹಳ್ಳಿಯ ಗಿರಾಕಿಗಳು ಪಟ್ಟಣಕ್ಕೆ ಬರುತ್ತಿದ್ದುದು ಭಾನುವಾರವೇ. ಆದರೂ ಪ್ರಭುವಿನ ದಿನದಂದು ಲೂಯಿಯವರ ಅಂಗಡಿಯ ಬಾಗಿಲು ಮುಚ್ಚಿಯೇ ಇರುತ್ತಿತ್ತು. ನಷ್ಟವಾದೀತೆಂದು ಸ್ನೇಹಿತರು ಹೇಳಿದರೂ ಅವರು ಕದಲಲಿಲ್ಲ. ಪತ್ನಿಯ ಲೇಸ್ ವ್ಯಾಪಾರ ಬೆಳೆದಾಗ, 1870ರಲ್ಲಿ ತಮ್ಮ ಅಂಗಡಿಯನ್ನೇ ಸೋದರಳಿಯನಿಗೆ ಮಾರಿ ಆಕೆಗೆ ಹೆಗಲು ಕೊಟ್ಟರು. ಬಿಡುವಿನಲ್ಲಿ ಹಿಡಿದ ಮೀನುಗಳನ್ನು ಸಂತ ಕ್ಲಾರಾ ಸಭೆಯ ಬಡ ಸನ್ಯಾಸಿನಿಯರಿಗೆ ಕೊಡುತ್ತಿದ್ದರು.

ದೇವರು ಅವರಿಗೆ ಒಂಬತ್ತು ಮಕ್ಕಳನ್ನು ಕೊಟ್ಟರು. ಅವರಲ್ಲಿ ನಾಲ್ವರು ಎಳೆವಯಸ್ಸಿನಲ್ಲೇ ತೀರಿಕೊಂಡರು. 1877ರ ಆಗಸ್ಟ್ 28ರಂದು ಝೆಲಿಯವರೂ ಕ್ಯಾನ್ಸರಿಗೆ ಬಲಿಯಾದರು. ಆಗ ಕಿರಿಯವಳಾದ ತೆರೇಸಾಳಿಗೆ ನಾಲ್ಕೇ ವರ್ಷ. ಐವರು ಹೆಣ್ಣುಮಕ್ಕಳಿಗೆ ಸೋದರಮಾವನ ಕುಟುಂಬದ ಆಸರೆ ಸಿಗಲೆಂದು ಲೂಯಿಯವರು ತಮಗೆ ಪ್ರಿಯವಾದ ಊರನ್ನು ಬಿಟ್ಟು ಲಿಸ್ಯೂ ಪಟ್ಟಣಕ್ಕೆ ಬಂದು ನೆಲೆಸಿದರು.

ಅಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಕಾರ್ಮೆಲ್ ಮಠ ಸೇರತೊಡಗಿದರು. 1887ರಲ್ಲಿ ತೆರೇಸಾಳೂ ಅನುಮತಿ ಬೇಡಿದಾಗ, ತಂದೆಯವರು ತೋಟದ ಗೋಡೆಯ ಮೇಲಿದ್ದ ಪುಟ್ಟ ಬಿಳಿ ಹೂವೊಂದನ್ನು ಬೇರುಸಹಿತ ಕಿತ್ತು ಅವಳ ಕೈಗಿತ್ತರು. 1888ರ ಏಪ್ರಿಲ್ 9ರಂದು ಅವಳನ್ನು ಮಠಕ್ಕೆ ಒಪ್ಪಿಸಿದರು. ಅದೇ ವರ್ಷ ಲಿಸ್ಯೂವಿನ ಸಂತ ಪೇತ್ರರ ದೇವಾಲಯದ ಪ್ರಧಾನ ಪೀಠಕ್ಕಾಗಿ ಹತ್ತು ಸಾವಿರ ಫ್ರಾಂಕ್ ದಾನವಿತ್ತರು.

ಆದರೆ ಅವರು ದೇವರಿಗೆ ಅರ್ಪಿಸಿದ ದೊಡ್ಡ ಕಾಣಿಕೆ ಹಣವಲ್ಲ, ತಮ್ಮ ಬುದ್ಧಿಶಕ್ತಿಯೇ. ಮಿದುಳಿನ ರಕ್ತನಾಳಗಳ ಕಾಯಿಲೆಯಿಂದ ಅವರ ನೆನಪು ಮಸುಕಾಯಿತು. ಒಮ್ಮೆ ಮನೆಯಿಂದ ಕಾಣೆಯಾಗಿ ದೂರದ ಬಂದರು ಪಟ್ಟಣದಲ್ಲಿ ಸಿಕ್ಕಿದರು. 1889ರ ಫೆಬ್ರುವರಿಯಿಂದ ಮೂರು ವರ್ಷಕ್ಕೂ ಮಿಕ್ಕಿ ಅವರು ಮಾನಸಿಕ ಆಸ್ಪತ್ರೆಯಲ್ಲಿರಬೇಕಾಯಿತು. ಮಕ್ಕಳು ಮಠಕ್ಕೆ ಹೋದದ್ದರಿಂದಲೇ ತಂದೆಗೆ ಈ ಗತಿ ಬಂತೆಂದು ಜನ ಆಡಿಕೊಂಡರು. ಮನಸ್ಸು ತಿಳಿಯಾದ ಗಳಿಗೆಗಳಲ್ಲಿ ಲೂಯಿಯವರು ಆ ಅವಮಾನವನ್ನು ದೇವರ ಚಿತ್ತವೆಂದು ಸ್ವೀಕರಿಸಿದರು. ಕಾಲಿನ ಶಕ್ತಿ ಉಡುಗಿ 1892ರಲ್ಲಿ ಮನೆಗೆ ಮರಳಿದ ಅವರನ್ನು ಮಗಳು ಸೆಲಿನ್ ಆರೈಕೆ ಮಾಡಿದಳು. 1894ರ ಜುಲೈ 29ರಂದು ಅವರು ಪ್ರಭುವಿನಲ್ಲಿ ವಿಶ್ರಮಿಸಿದರು.

ಐವರು ಹೆಣ್ಣುಮಕ್ಕಳೂ ಕನ್ಯಾಸ್ತ್ರೀಯರಾದುದರಿಂದ ಲೂಯಿಯವರನ್ನು ಅಜ್ಜ ಎಂದು ಕರೆಯಲು ಒಂದು ಮೊಮ್ಮಗುವೂ ಇರಲಿಲ್ಲ. ಲೋಕದ ಲೆಕ್ಕದಲ್ಲಿ ಆ ಮನೆಯ ದೀಪ ಆರಿತು. ಆದರೆ 1927ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್ ಅವರು ತೆರೇಸಾಳನ್ನು ಧರ್ಮಪ್ರಚಾರ ಕಾರ್ಯದ ಪಾಲಕಿಯೆಂದು ಘೋಷಿಸಿದರು. ಹಾಗಾದರೆ ಆ ಕಾರ್ಯದಿಂದ ಚಿಗುರಿದ ನಮ್ಮಂಥ ಧರ್ಮಸಭೆಗಳೆಲ್ಲ ಆ ಅಜ್ಜನ ಮೊಮ್ಮಕ್ಕಳಲ್ಲವೇ? 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸ್ ಅವರು ಲೂಯಿ ಮತ್ತು ಝೆಲಿಯವರಿಗೆ ಒಟ್ಟಿಗೆ ಸಂತಪದವಿ ನೀಡಿದರು.

ಪ್ರಿಯ ಭಕ್ತಾದಿಗಳೇ, ದುಡಿದು ದಣಿದು ಈಗ ನಮ್ಮ ಹೆಸರನ್ನೂ ಮರೆತಿರುವ ಹಿರಿಯರು ನಮ್ಮ ಮನೆಗಳಲ್ಲೂ ಇರಬಹುದು. ಅವರು ನಮ್ಮನ್ನು ಗುರುತಿಸದಿದ್ದರೂ ದೇವರು ಅವರನ್ನು ಗುರುತಿಸುತ್ತಾರೆ. ಸಂತ ಲೂಯಿಯವರ ಬಿನ್ನಹದಿಂದ ಅಂಥ ಹಿರಿಯರನ್ನು ಬೇಸರವಿಲ್ಲದೆ ಸಲಹುವ ಕೃಪೆ ನಮ್ಮ ಕುಟುಂಬಗಳಿಗೆ ಲಭಿಸಲೆಂದು ಪ್ರಾರ್ಥಿಸುತ್ತೇವೆ.