ಸೂರ್ಯನ ಬಿಸಿ ಎಷ್ಟು ಡಿಗ್ರಿ? ನಕ್ಷತ್ರಗಳ ತಾಪಮಾನ ತಿಳಿಯುವ ಸೂತ್ರ ಕೊಟ್ಟ ಕೋಲ್ಕತ್ತಾದ ವಿಜ್ಞಾನಿ ಮೇಘನಾದ ಸಹಾ

ಜ್ವರ ನೋಡಲು ಫ್ಯಾರನ್‌ಹೀಟ್, ಹವಾಮಾನ ವರದಿಗೆ ಸೆಲ್ಸಿಯಸ್. ಆದರೆ ನಕ್ಷತ್ರಗಳ ಲೆಕ್ಕಕ್ಕೆ ಕೆಲ್ವಿನ್ ಬೇಕು. ಈ ಮಾಪಕ ಬಳಸಿ ನಕ್ಷತ್ರಗಳ ಬಿಸಿ ತಿಳಿಯುವ ದಾರಿ ತೋರಿದವರು ಭೌತವಿಜ್ಞಾನಿ ಮೇಘನಾದ ಸಹಾ.

ಬಡತನ, ಅವಮಾನದ ನಡುವೆ ಓದು

ಸಹಾ ಹುಟ್ಟಿದ್ದು 1893ರ ಅಕ್ಟೋಬರ್ 6ರಂದು, ಈಗ ಬಾಂಗ್ಲಾದೇಶದಲ್ಲಿರುವ ಢಾಕಾ ಸಮೀಪದ ಹಳ್ಳಿಯಲ್ಲಿ. ತಂದೆಗೆ ಸಣ್ಣ ಅಂಗಡಿಯೇ ಆಧಾರ. 1905ರಲ್ಲಿ ಬಂಗಾಳ ವಿಭಜನೆ ವಿರೋಧಿ ಹೋರಾಟದ ಸಮಯ. ಶಾಲೆಗೆ ಬಂದ ಬ್ರಿಟಿಷ್ ಗವರ್ನರ್ ಭೇಟಿ ಬಹಿಷ್ಕರಿಸಿದ್ದಕ್ಕೆ ಬಾಲಕನ ವಿದ್ಯಾರ್ಥಿವೇತನವೇ ಹೋಯಿತು.

1911ರಲ್ಲಿ ಕೋಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಸತ್ಯೇಂದ್ರನಾಥ ಬೋಸ್ ಸಹಪಾಠಿ. ಆದರೆ ಜಾತಿಯ ಕಾರಣಕ್ಕೆ ಹಾಸ್ಟೆಲ್‌ನಲ್ಲಿ ಇತರರ ಜೊತೆ ಕೂತು ಊಟ ಮಾಡಲು ಬಿಡಲಿಲ್ಲ.

1920ರ ಸೂತ್ರ

ನಕ್ಷತ್ರಗಳ ಬೆಳಕಿನಲ್ಲಿ ಕಾಣುವ ಗೆರೆಗಳು ಒಂದೊಂದರಲ್ಲಿ ಒಂದೊಂದು ಥರ ಯಾಕೆ? ಇದಕ್ಕೆ ಮುಖ್ಯ ಕಾರಣ ತಾಪಮಾನ ಎಂದು ಸಹಾ ತೋರಿಸಿದರು. ಬಿಸಿ ಹೆಚ್ಚಾದಂತೆ ಪರಮಾಣುಗಳಿಂದ ಎಲೆಕ್ಟ್ರಾನ್ ಬೇರ್ಪಡುತ್ತದೆ, ಗೆರೆಗಳು ಬದಲಾಗುತ್ತವೆ. ಆಗ ಅವರಿಗೆ ಇನ್ನೂ ಚಿಕ್ಕ ವಯಸ್ಸು. ಇದೇ ಸೂತ್ರ ಬಳಸಿ 1925ರಲ್ಲಿ ಸಿಸಿಲಿಯಾ ಪೇಯ್ನ್, ನಕ್ಷತ್ರಗಳಲ್ಲಿ ಹೈಡ್ರೋಜನ್ ಅತಿ ಹೆಚ್ಚು ಎಂಬ ಉತ್ತರಕ್ಕೆ ಬಂದರು.

ಕೆಲ್ವಿನ್ ಯಾಕೆ ಬೇಕು?

ಸೊನ್ನೆ ಡಿಗ್ರಿ ಸೆಲ್ಸಿಯಸ್ ಅಂದರೆ ನೀರು ಹೆಪ್ಪುಗಟ್ಟುವ ಮಟ್ಟವೇ ಹೊರತು, ಬಿಸಿ ಪೂರ್ತಿ ಇಲ್ಲವೆಂದಲ್ಲ. ಹೀಗಾಗಿ 10 ಡಿಗ್ರಿ 20 ಆದರೆ ಬಿಸಿ ದುಪ್ಪಟ್ಟಾಗುವುದಿಲ್ಲ. ಕೆಲ್ವಿನ್‌ನಲ್ಲಿ ಅದು 283ರಿಂದ 293 ಮಾತ್ರ. ಕೆಲ್ವಿನ್‌ನ ಸೊನ್ನೆ ಇರುವುದು ಮೈನಸ್ 273.15 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಕೆಳಗೆ ತಾಪಮಾನವೇ ಇಲ್ಲ. ಸಹಾ ಸೂತ್ರದಲ್ಲಿ ತಾಪಮಾನದಿಂದ ಭಾಗಿಸಬೇಕು. ಅಲ್ಲಿ ಸೆಲ್ಸಿಯಸ್ ಹಾಕಿದರೆ ಲೆಕ್ಕ ತಪ್ಪುತ್ತದೆ.

ಬದಲಿಸುವುದು ಹೀಗೆ

* ಸೆಲ್ಸಿಯಸ್‌ನಿಂದ ಕೆಲ್ವಿನ್: 273.15 ಕೂಡಿಸಿ.
* ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್: 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿಸಿ.
* ಫ್ಯಾರನ್‌ಹೀಟ್‌ನಿಂದ ಸೆಲ್ಸಿಯಸ್: 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿ.

40 ಡಿಗ್ರಿ ಸೆಲ್ಸಿಯಸ್ ಬಿಸಿಲು ಅಂದರೆ 104 ಫ್ಯಾರನ್‌ಹೀಟ್, 313.15 ಕೆಲ್ವಿನ್. ಸೂರ್ಯನ ಮೇಲ್ಮೈ ಸುಮಾರು 5,772 ಕೆಲ್ವಿನ್. ಅಂದರೆ ಹತ್ತಿರಹತ್ತಿರ 5,500 ಡಿಗ್ರಿ ಸೆಲ್ಸಿಯಸ್, 9,930 ಫ್ಯಾರನ್‌ಹೀಟ್.

ಸಂಸತ್ತಿನಲ್ಲೂ ವಿಜ್ಞಾನಿ

ಅಲಹಾಬಾದ್‌ನಲ್ಲಿ 15 ವರ್ಷ ಪಾಠ ಮಾಡಿದ ಸಹಾ, 1938ರಲ್ಲಿ ಕೋಲ್ಕತ್ತಾಗೆ ಮರಳಿದರು. ಅಲ್ಲಿ ಅವರು ಕಟ್ಟಿದ ಪರಮಾಣು ಭೌತವಿಜ್ಞಾನ ಸಂಸ್ಥೆಗೆ ಈಗ ಅವರದೇ ಹೆಸರು. 1952ರಲ್ಲಿ ಚುನಾವಣೆ ಗೆದ್ದು ಕೋಲ್ಕತ್ತಾದಿಂದ ಲೋಕಸಭೆಗೆ ಹೋದರು. ನೊಬೆಲ್‌ಗೆ ಹೆಸರು ಸೂಚಿತವಾದರೂ ಪ್ರಶಸ್ತಿ ಸಿಗಲಿಲ್ಲ. 1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ನಿಧನರಾದರು.

ಊಟದ ಸಾಲಿನಲ್ಲಿ ಜಾಗ ಸಿಗದ ಆ ವಿದ್ಯಾರ್ಥಿಯ ಸೂತ್ರವನ್ನು ಇಂದಿಗೂ ಖಗೋಳ ಭೌತವಿಜ್ಞಾನದ ವಿದ್ಯಾರ್ಥಿಗಳು ಓದುತ್ತಾರೆ.